ನಾತ, ನರುಗಂಪು, ಇಂಗು

ತಮಿಳಿನ ಹಳೆಯ ಕಾವ್ಯಗಳನ್ನು ಮೂಲದಲ್ಲಿ ಓದಲು ತೊಡಗುವ ಕನ್ನಡಿಗರು ಮೊದಲು ಎಡವುವ ಪದಗಳಲ್ಲಿ ‘ನಾಟ್ರಂ’ ಒಂದು. ಇಂದಿನ ಚೆನ್ನೈಯ ಬೀದಿಯಲ್ಲಿ ಅದು ‘ನಾತ್ತಂ’ ಆಗಿದೆ, ಅರ್ಥ ನಮ್ಮ ‘ನಾತ’ವೇ. ಕೂವಂ ನದಿಯ ಸೇತುವೆಯ ಮೇಲೆ ಬಸ್ಸು ನಿಂತಾಗ ಒಳಗಿನವರು ಮೂಗಿಗೆ ಸೆರಗು ಹಿಡಿದು ಆಡುವ ಮಾತು ಅದು. ಆದರೆ ತಿರುಕ್ಕುರಳಿನಲ್ಲಿ ವಳ್ಳುವರ್ ಇದೇ ಪದವನ್ನು ಬಳಸಿರುವುದು ಮೊಗ್ಗಿನೊಳಗೆ ಅಡಗಿರುವ ಪರಿಮಳಕ್ಕೆ, ಅದೂ ನಲ್ಲೆಯ ನಸುನಗೆಯೊಳಗೆ ಅಡಗಿರುವ ಭಾವಕ್ಕೆ ಹೋಲಿಕೆಯಾಗಿ. ಶ್ರೀವಿಲ್ಲಿಪುತ್ತೂರಿನ ಆಂಡಾಳ್ ತನ್ನ ‘ನಾಚ್ಚಿಯಾರ್ ತಿರುಮೊಳಿ’ಯಲ್ಲಿ ಶಂಖವನ್ನು ಕುರಿತು ಕೇಳುವ ಪ್ರಶ್ನೆಯಲ್ಲೂ ಇದೇ ಧಾತು ಕರ್ಪೂರಕ್ಕೂ ತಾವರೆಗೂ ಒಪ್ಪುತ್ತದೆ. ಆ ಪ್ರಶ್ನೆ ಪರಿಮಳದಿಂದ ಆರಂಭವಾಗಿ ಬಾಯಿಯ ಸವಿಗೆ ಹೊರಳುವುದನ್ನೂ ನಾವು ಗಮನಿಸಬೇಕು. ಭಕ್ತಿಯ ಉತ್ಕಟತೆಯಲ್ಲಿ ಕವಯಿತ್ರಿಗೆ ಗಂಧವೂ ರುಚಿಯೂ ಒಂದೇ ಉಸಿರಿನ ಎರಡು ತುದಿಗಳು.

ಹಳಗನ್ನಡದ ಕತೆಯೂ ಇದಕ್ಕಿಂತ ಬೇರೆಯಲ್ಲ. ‘ನಱು’ ಎಂದರೆ ಕಂಪುಳ್ಳದ್ದು, ‘ನಱುಗಂಪು’ ಕವಿಗಳಿಗೆ ಪ್ರಿಯವಾದ ಪದ. ‘ನಾಱು’ ಎಂದರೆ ವಾಸನೆ ಬೀರು ಎಂದಷ್ಟೇ ಅರ್ಥವಿತ್ತು. ಇಂದು ಯಾರ ಮನೆಯಲ್ಲಾದರೂ ‘ನಾರುತ್ತಿದೆ’ ಎಂದರೆ ಮರುದಿನದಿಂದ ಆ ಮನೆಯ ಬಾಗಿಲು ನಮಗೆ ಮುಚ್ಚಿದಂತೆಯೇ. ‘ವಾಸನೆ’ಯೂ ಈಗ ಅದೇ ಇಳಿಜಾರಿನಲ್ಲಿದೆ: ಹೂವಿಗೆ ‘ಪರಿಮಳ’ ಎನ್ನುತ್ತೇವೆ, ಚರಂಡಿಗೆ ‘ವಾಸನೆ’ ಎನ್ನುತ್ತೇವೆ. ಇಂಗ್ಲಿಷಿನ ‘ಸ್ಟಿಂಕ್’ ಎಂಬ ಪದವೂ ಮೂಲದಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲದೆ ವಾಸನೆ ಬೀರುವುದನ್ನು ಸೂಚಿಸುತ್ತಿತ್ತು. ಮೂಗಿಗೆ ಸಂಬಂಧಿಸಿದ ಪದಗಳು ಕೆಳಮುಖವಾಗಿ ಜಾರುವಷ್ಟು ಸುಲಭವಾಗಿ ಕಣ್ಣಿನ ಪದಗಳು ಜಾರುವುದಿಲ್ಲ. ವಿಚಿತ್ರವೆಂದರೆ ರಸಾಯನಶಾಸ್ತ್ರವೂ ಈ ಜಾರುವಿಕೆಗೆ ಸಾಕ್ಷಿ ನುಡಿಯುತ್ತದೆ. ಮಲ್ಲಿಗೆಯ ಕಂಪಿನಲ್ಲಿರುವ ‘ಇಂಡೋಲ್’ ಎಂಬ ವಸ್ತು ತೆಳುವಾಗಿದ್ದಾಗ ಹೂವಿನದು, ದಟ್ಟವಾದಾಗ ಮಲದ್ದು. ವಸ್ತು ಒಂದೇ, ಪ್ರಮಾಣವಷ್ಟೇ ಬೇರೆ.

ಗಂಧದ ಬಗ್ಗೆ ಇಡೀ ವಿದ್ವತ್ಸಭೆಯೊಂದು ಜಗಳವಾಡಿದ ಕತೆ ತಮಿಳರಿಗೆ ಇರುವಂತೆ ಇನ್ನಾರಿಗಾದರೂ ಇದೆಯೇ ಎಂಬ ಅನುಮಾನ ನಮಗಿದೆ. ಮಧುರೆಯ ಪಾಂಡ್ಯರಾಜನ ಹೆಸರೇ ಶೆಣ್ಬಗ ಪಾಂಡಿಯನ್, ಎಂದರೆ ಸಂಪಿಗೆಯ ಅರಸು. ರಾಣಿಯ ಮುಡಿಯಿಂದ ಬಂದ ಕಂಪು ಸಹಜವೋ, ಮುಡಿದ ಹೂವಿನಿಂದ ಬಂದದ್ದೋ ಎಂಬ ಸಂಶಯ ಅವನಿಗೆ ಹುಟ್ಟಿತು. ಬಗೆಹರಿಸಿದವರಿಗೆ ಸಾವಿರ ಹೊನ್ನು. ತರುಮಿ ಎಂಬ ಬಡ ಕವಿಗೆ ಶಿವನೇ ಪದ್ಯ ಬರೆದುಕೊಟ್ಟ. ಸಭೆಯ ನಕ್ಕೀರರ್ ಮಾತ್ರ ಅದರಲ್ಲಿ ದೋಷ ಕಂಡು, ಶಿವನು ಹಣೆಗಣ್ಣು ತೆರೆದಾಗಲೂ ತಪ್ಪು ತಪ್ಪೇ ಎಂದು ಪಟ್ಟು ಹಿಡಿದರು. ದುಂಬಿಯನ್ನು ಉದ್ದೇಶಿಸಿದ ಆ ಪದ್ಯ ಸಂಗಂ ಸಂಕಲನವಾದ ‘ಕುಱುಂತೊಗೈ’ಯಲ್ಲಿದೆ, ಕತೆ ಅದಕ್ಕೆ ಬಹಳ ಕಾಲದ ಮೇಲೆ ಬೆಳೆದದ್ದು. 1965ರಲ್ಲಿ ಎ.ಪಿ. ನಾಗರಾಜನ್ ‘ತಿರುವಿಳೈಯಾಡಲ್’ ಚಿತ್ರ ತೆಗೆದಾಗ ಶಿವಾಜಿ ಗಣೇಶನ್ ಶಿವನಾದರು, ನಾಗರಾಜನ್ ತಾವೇ ನಕ್ಕೀರರಾದರು. ಆದರೆ ಜನ ಇಂದಿಗೂ ನೆನೆದು ನಗುವುದು ತರುಮಿಯ ಪಾತ್ರದ ನಾಗೇಶರನ್ನು. ಧಾರಾಪುರದ ಕನ್ನಡ ಮಾತನಾಡುವ ಮನೆಯಲ್ಲಿ ಗುಂಡೂರಾವ್ ಎಂಬ ಹೆಸರಿನಿಂದ ಬೆಳೆದ ಈ ನಟ, ತಮಿಳಿನ ಅತ್ಯಂತ ಪ್ರಸಿದ್ಧ ಗಂಧವಿವಾದದ ಮುಖವಾದದ್ದು ನಮಗೆ ಸಣ್ಣ ಹೆಮ್ಮೆಯ ಸಂಗತಿ.

ನಕ್ಕೀರರ ವಾದವನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಕಂಪು ಹೊರಗಿನ ವಸ್ತುವಿನದು, ಅದನ್ನು ಪ್ರೀತಿಸುವವನ ಮನಸ್ಸಿನದಲ್ಲ. ಶರೀರಶಾಸ್ತ್ರ ಅವರನ್ನು ಅರ್ಧ ಮಾತ್ರ ಒಪ್ಪುತ್ತದೆ. ಗಂಧದ ಅಣುಗಳು ಹೊರಗಿನವೇ. ಅವುಗಳನ್ನು ಗುರುತಿಸುವ ಗ್ರಾಹಕಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮನುಷ್ಯನಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆಯವು. ಬಣ್ಣ ಕಾಣಲು ಕಣ್ಣಿಗೆ ಮೂರು ಬಗೆ ಸಾಕು ಎಂಬುದನ್ನು ನೆನೆದರೆ ಮೂಗಿನ ಸಂಪತ್ತು ಅರಿವಾಗುತ್ತದೆ. ಆದರೆ ಮೂಗು ಸಂಗ್ರಹಿಸಿದ ಸುದ್ದಿ ಮಿದುಳಿಗೆ ಹೋಗುವ ಹಾದಿ ಬೇರೆ. ಕಣ್ಣು ಕಿವಿಗಳ ಸುದ್ದಿ ಥಾಲಮಸ್ ಎಂಬ ನಡುಮನೆಯನ್ನು ಹಾದು ಹೋಗುತ್ತದೆ. ಗಂಧದ ಸುದ್ದಿಗೆ ಆ ಕಾಯುವಿಕೆ ಇಲ್ಲ, ಭಯ ಪ್ರೀತಿಗಳನ್ನು ನಿರ್ವಹಿಸುವ ಅಮಿಗ್ಡಲಾಕ್ಕೂ ನೆನಪನ್ನು ನೇಯುವ ಹಿಪೊಕ್ಯಾಂಪಸ್ಸಿಗೂ ಅದು ಬಹು ಹತ್ತಿರದಿಂದ ಸೇರುತ್ತದೆ. ಹೆಸರು ಹೊಳೆಯುವ ಮೊದಲೇ ಕಣ್ಣು ಹನಿಗೂಡುವುದು ಇದರಿಂದ.

ರುಚಿಯ ವಿಷಯ ಇನ್ನೂ ವಿನೋದದ್ದು. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಜಪಾನೀಯರು ‘ಉಮಾಮಿ’ ಎಂದು ಹೆಸರಿಟ್ಟ ಮತ್ತೊಂದು. ನಮ್ಮ ಷಡ್ರಸಗಳಲ್ಲಿ ಸ್ಥಾನ ಪಡೆದ ಖಾರ ವಿಜ್ಞಾನಿಗಳ ಲೆಕ್ಕದಲ್ಲಿ ರುಚಿಯೇ ಅಲ್ಲ, ಅದು ಉರಿಯ ಒಂದು ಬಗೆ. ಉಳಿದದ್ದೆಲ್ಲ, ಎಂದರೆ ಏಲಕ್ಕಿಯನ್ನು ಏಲಕ್ಕಿಯಾಗಿಸುವುದು, ಸಾರನ್ನು ಹುಳಿಯಿಂದ ಬೇರ್ಪಡಿಸುವುದು, ಮೂಗಿನ ಕೆಲಸ. ಅಗಿಯುವಾಗ, ನುಂಗಿದ ಮೇಲೆ ಉಸಿರು ಬಿಡುವಾಗ, ಅನ್ನದ ಗಂಧ ಗಂಟಲಿನ ಹಿಂದಿನಿಂದ ಮೇಲೇರಿ ಮೂಗನ್ನು ತಲಪುತ್ತದೆ. ಮೂಗು ಬಿಗಿಹಿಡಿದು ಏಲಕ್ಕಿ ಅಗಿದು, ಆಮೇಲೆ ಕೈ ಬಿಟ್ಟು ನೋಡಿದರೆ ಯಾರಿಗೂ ಪ್ರಮಾಣ ಬೇಕಾಗುವುದಿಲ್ಲ.

ಈ ಮಾತು ಬಂದಾಗ ಎಲ್ಲರೂ ಚಹಾದಲ್ಲಿ ಅದ್ದಿದ ಕೇಕಿನಿಂದ ಬಾಲ್ಯವನ್ನು ಮರಳಿ ಪಡೆದ ಫ್ರೆಂಚ್ ಕಾದಂಬರಿಕಾರನನ್ನು ಕರೆತರುತ್ತಾರೆ. ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲ. ‘ವಾಸನೆ’ ಎಂಬ ನಮ್ಮ ಪದವೇ ಸಾಕು. ಹೂವಿನ ನಡುವೆ ಇಟ್ಟ ಬಟ್ಟೆ ಹೂವನ್ನು ತೆಗೆದ ಮೇಲೂ ಕಂಪನ್ನು ಉಳಿಸಿಕೊಳ್ಳುವಂತೆ, ಅನುಭವ ಮುಗಿದ ಮೇಲೂ ಚಿತ್ತದಲ್ಲಿ ಉಳಿಯುವ ಸಂಸ್ಕಾರಕ್ಕೆ ಶಾಸ್ತ್ರಕಾರರು ಇಟ್ಟ ಹೆಸರು ವಾಸನೆ. ನಾಟಕ ನೋಡುವವನಲ್ಲಿ ರಸ ಏಕೆ ಹುಟ್ಟುತ್ತದೆ ಎಂದರೆ ಅವನಲ್ಲಿ ಮೊದಲೇ ವಾಸನಾರೂಪದಲ್ಲಿ ಭಾವಗಳಿರುವುದರಿಂದ ಎಂಬುದು ಅಭಿನವಗುಪ್ತನ ನಿಲುವು. ರಸ ಎಂಬುದು ಅಡುಗೆಮನೆಯ ಮಾತು, ಭರತನೇ ಅದನ್ನು ವ್ಯಂಜನಗಳಿಂದ ಕೂಡಿದ ಅನ್ನದ ಸವಿಗೆ ಹೋಲಿಸಿದ್ದಾನೆ. ಹಾಗಾದರೆ ರುಚಿ, ಗಂಧ, ನೆನಪು, ಭಾವ ಈ ನಾಲ್ಕನ್ನೂ ಒಂದೇ ಹಗ್ಗದಲ್ಲಿ ಹೊಸೆದ ಸೌಂದರ್ಯಶಾಸ್ತ್ರ ನಮ್ಮದು. ಈ ಶಾಸ್ತ್ರವನ್ನು ಇಪ್ಪತ್ತನೆಯ ಶತಮಾನದಲ್ಲಿ ಮರಳಿ ಚರ್ಚೆಗೆ ತಂದವರಲ್ಲಿ ಮದರಾಸಿನ ವಿ. ರಾಘವನ್ ಪ್ರಮುಖರು. ರಸಗಳ ಸಂಖ್ಯೆಯನ್ನು ಕುರಿತ ಅವರ ಗ್ರಂಥ 1940ರಲ್ಲಿ ಅಡ್ಯಾರ್ ಲೈಬ್ರರಿಯಿಂದ ಪ್ರಕಟವಾಯಿತು. ನಮ್ಮ ಪಂಪನನ್ನೂ ಇಲ್ಲಿ ನೆನೆಯಬಹುದು. ಬನವಾಸಿ ಯಾವಾಗ ಯಾವಾಗ ನೆನಪಾಗುತ್ತದೆ ಎಂದು ಪಟ್ಟಿ ಮಾಡುವಾಗ ಅವನು ತೆಂಕಣ ಗಾಳಿಗೆ ಸ್ಪರ್ಶವನ್ನೂ ಹಾಡಿಗೆ ಕಿವಿಯನ್ನೂ ಕೊಟ್ಟ, ಆದರೆ ಮಲ್ಲಿಗೆಯನ್ನು ‘ಕಂಡಾಗ’ ಎಂದುಬಿಟ್ಟ. ಮೂಗಿಗೆ ಅಲ್ಲಿ ಅನ್ಯಾಯವಾಯಿತೆಂದು ನಾವು ಗೆಳೆಯರೊಡನೆ ವಾದಿಸುವುದುಂಟು. ಬಿರಿದ ಮಲ್ಲಿಗೆಯನ್ನು ಕಾಣುವುದರಲ್ಲಿ ಕಂಪು ಸೇರಿಯೇ ಇದೆ ಎಂಬುದು ಅವರ ಉತ್ತರ.

ಇನ್ನು ಚರಿತ್ರೆಯ ಮಾತು. ಮೂಗಿಗೆ ಶಾಸನಗಳಿಲ್ಲ. ಅಟ್ಟ ಅಡುಗೆಯ ವಾಸನೆ ಸಂಜೆಯ ಹೊತ್ತಿಗೆ ಹೋಗಿಬಿಡುತ್ತದೆ. ಉಳಿಯುವುದು ಪಾಕದ ಬರಹ ಮಾತ್ರ. ಅಂಥ ಬರಹಗಳಲ್ಲಿ ಕನ್ನಡದ ಪಾಲು ಹಿರಿದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. ಮಳೆಯ ಲಕ್ಷಣ, ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯಗಳ ತಯಾರಿ, ಅಡುಗೆ, ವೈದ್ಯ, ಶಕುನ ಹೀಗೆ ಸಂಸಾರಿಗೆ ಬೇಕಾದುದೆಲ್ಲ ಅದರಲ್ಲಿದೆ. ಸುಗಂಧವೂ ಅಡುಗೆಯೂ ಒಂದೇ ಹೊದಿಕೆಯೊಳಗೆ ಇರುವುದನ್ನು ನೋಡಿದರೆ ಅಂದಿನವರು ಇವೆರಡನ್ನು ನಮ್ಮಂತೆ ಬೇರೆ ಬೇರೆ ಅಂಗಡಿಗೆ ಕಳಿಸಿರಲಿಲ್ಲ ಎನ್ನಿಸುತ್ತದೆ. ಒಂದು ಶತಮಾನದ ಬಳಿಕ ಅದೇ ಮನೆತನದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೂ ಲೇಪನ, ಧೂಪಗಳ ಭೋಗಕ್ಕೂ ಸ್ಥಾನ ಕೊಟ್ಟ. ಅರಸನ ಪುಸ್ತಕ ಹೆಚ್ಚು ಪ್ರಸಿದ್ಧವಾಯಿತು. ಆದರೆ ಬಾಳುವೆಗೆ ಹತ್ತಿರವಾದದ್ದು ಚಾವುಂಡರಾಯನದೇ ಎಂದು ನಾವು ತಿಳಿಯುತ್ತೇವೆ.

ಈ ಕನ್ನಡ ಗ್ರಂಥ ಅಚ್ಚಾದದ್ದು ಮೈಸೂರಿನಲ್ಲಲ್ಲ, ಧಾರವಾಡದಲ್ಲೂ ಅಲ್ಲ. ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮಾಲೆಯಲ್ಲಿ, ಎಚ್. ಶೇಷ ಅಯ್ಯಂಗಾರ್ಯರ ಸಂಪಾದಕತ್ವದಲ್ಲಿ, 1950ರಲ್ಲಿ ಅದು ಬೆಳಕು ಕಂಡಿತು. ಕರ್ನಲ್ ಮೆಕೆಂಜಿ ಊರೂರು ಅಲೆಸಿ ಸಂಗ್ರಹಿಸಿದ ಓಲೆ ಕಡತಗಳೂ ಸೇರಿ ಬೆಳೆದ ಆ ಭಂಡಾರದಲ್ಲಿ ಕನ್ನಡದ ಪ್ರತಿಗಳು ಅಪಾರ. ತಾಳೆಗರಿಯ ಕಟ್ಟುಗಳನ್ನು ಹುಳು ಹಿಡಿಯದಂತೆ ಹಚ್ಚುವ ಹುಲ್ಲೆಣ್ಣೆಯ ಘಾಟು ಮೂಗಿಗೆ ಬಡಿದಾಗ, ಸಾವಿರ ವರ್ಷ ಹಿಂದಿನ ಸುಗಂಧದ ಪಾಕಗಳನ್ನು ಇನ್ನೊಂದು ವಾಸನೆ ಕಾಯುತ್ತಿದೆಯಲ್ಲ ಎಂದು ನಮಗೆ ಅನ್ನಿಸದೆ ಇರುವುದಿಲ್ಲ.

ಲೋಕೋಪಕಾರದ ಒಂದು ಪಾಕ ಈ ಪ್ರಬಂಧಕ್ಕೆ ಬಹು ಮುಖ್ಯ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರಿನೊಡನೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಿ ಮಾಡುವ ತಿಂಡಿ ಅದು. ಆಹಾರ ಚರಿತ್ರೆಕಾರ ಕೆ.ಟಿ. ಅಚ್ಚಯ್ಯನವರು ಇದನ್ನು ಇಡ್ಲಿಯ ಪೂರ್ವಜನೆಂದು ಗುರುತಿಸಿದರು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುವುದು ಎಲ್ಲರಿಗೂ ಗೊತ್ತು. ಇಲ್ಲಿ ನಮ್ಮ ಗಮನ ಸೆಳೆಯುವುದು ಅಕ್ಕಿಯ ಗೈರುಹಾಜರಿಗಿಂತ ಹೆಚ್ಚಾಗಿ ಇಂಗಿನ ಹಾಜರಿ. ಇಂದು ಬಿಳಿಯಾಗಿ, ಸಾತ್ವಿಕವಾಗಿ, ಚಟ್ನಿಯ ಆಸರೆಯಿಂದ ಬದುಕುವ ಇಡ್ಲಿ ಅಂದು ತನ್ನದೇ ಘಮದಿಂದ ಬದುಕುತ್ತಿತ್ತು. ಅದರ ಸುಳಿವು ಇನ್ನೂ ಬೇಕೆಂದರೆ ಚೆನ್ನೈಯಿಂದ ಕಾಂಚೀಪುರಕ್ಕೆ ಹೋಗಬೇಕು. ವರದರಾಜ ಪೆರುಮಾಳ್ ದೇವಾಲಯದ ನೈವೇದ್ಯದ ಇಡ್ಲಿಯಲ್ಲಿ ಮೆಣಸು, ಜೀರಿಗೆ, ಒಣಶುಂಠಿ ಇರುತ್ತವೆ. ಎಲೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಬೇಯುವುದರಿಂದ ಎಲೆಯ ವಾಸನೆಯೂ ಹಿಟ್ಟಿಗೆ ಇಳಿಯುತ್ತದೆ. ಇದು ಲೋಕೋಪಕಾರದ ನೇರ ಸಂತಾನವೆಂದು ಹೇಳಲು ಆಧಾರ ಸಾಲದು, ಆದರೆ ಒಂದೇ ಮೂಗಿಗೆ ಒಪ್ಪಿದ ಅಡುಗೆಗಳು ಇವೆಂದು ಧಾರಾಳವಾಗಿ ಹೇಳಬಹುದು.

ಇಡ್ಲಿಯ ಜೊತೆಯಲ್ಲಿ ಮದರಾಸಿಗೆ ಬಂದ ಕನ್ನಡಿಗರನ್ನು ‘ವಲಸಿಗರು’ ಎನ್ನುವುದು ಇಂದಿನ ನಕ್ಷೆಯನ್ನು ಹಿಂದಕ್ಕೆ ಹೊದಿಸಿದಂತೆ. ಮಂಗಳೂರು, ಉಡುಪಿ, ಕಾಸರಗೋಡುಗಳನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಭಾಗವಾಗಿತ್ತು. ಬಳ್ಳಾರಿ 1953ರವರೆಗೆ, ಕೊಳ್ಳೇಗಾಲ 1956ರವರೆಗೆ. ಕೆಲಸ ಹುಡುಕಿಕೊಂಡು ರೈಲು ಹತ್ತಿದ ಉಡುಪಿಯ ಹುಡುಗ ತನ್ನದೇ ರಾಜಧಾನಿಗೆ ಬರುತ್ತಿದ್ದ. ಹಾಗೆ ಬಂದವರಲ್ಲಿ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಆರಂಭಿಸಿ, ಮೌಂಟ್ ರೋಡಿನಲ್ಲಿ ಉಡುಪಿ ಹೋಟೆಲು ನಡೆಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದರು. ಕೆಥೀಡ್ರಲ್ ರಸ್ತೆಯ ತೋಟಗಾರಿಕೆ ಸಂಘದ ನೆಲದಲ್ಲಿ 1962ರಲ್ಲಿ ಡ್ರೈವ್-ಇನ್ ಆರಂಭವಾಯಿತು. ಪೂನಮಲ್ಲಿ ಹೈರೋಡಿನ ದಾಸಪ್ರಕಾಶ್ ಮೈಸೂರಿನ ಸೀತಾರಾಮರಾಯರದು.

ಈ ಹೋಟೆಲುಗಳ ಮೂಗು ಯಾವುದು ಎಂದರೆ ಇಂಗು. ಮಾಧ್ವ ಅಡುಗೆಮನೆಗೆ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ. ಅವು ಕೊಡುವ ಗಂಧಕಯುಕ್ತ ಘಾಟಿನ ಸ್ಥಾನವನ್ನು ಗಂಧಕದ ಸಂಯುಕ್ತಗಳೇ ತುಂಬಿರುವ ಇಂಗು ವಹಿಸಿಕೊಂಡಿತು. ಹಸಿ ಇಂಗನ್ನು ಜರ್ಮನರು ಸೈತಾನನ ಮಲವೆಂದು ಕರೆದರು, ನಾವು ಅದನ್ನು ಬಿಸಿ ಎಣ್ಣೆಗೆ ಬಿಟ್ಟು ದೇವರ ನೈವೇದ್ಯಕ್ಕೆ ಹಾಕಿದೆವು. ಇಷ್ಟು ಆಪ್ತವಾದ ಈ ವಸ್ತು ನಮ್ಮ ನೆಲದ್ದಲ್ಲ ಎಂಬುದು ಮತ್ತೊಂದು ತಮಾಷೆ. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುತ್ತಿದ್ದ ಇಂಗಿನ ಗಿಡವನ್ನು ಹಿಮಾಚಲದ ಲಾಹುಲ್ ಕಣಿವೆಯಲ್ಲಿ ನೆಟ್ಟು ಬೆಳೆಸುವ ಪ್ರಯತ್ನ ಆರಂಭವಾದದ್ದು 2020ರಲ್ಲಿ. ‘ನಮ್ಮ ಮನೆಯ ವಾಸನೆ’ ಎಂದು ನಾವು ಕಣ್ಣು ಮುಚ್ಚಿ ಗುರುತಿಸುವ ಒಗ್ಗರಣೆಯ ಅರ್ಧಭಾಗ ಹೀಗೆ ಪರದೇಶದ್ದು. ಸಾಂಬಾರಿನಲ್ಲಿ ಸಾಂಬಾರ್ ಈರುಳ್ಳಿಯ ಸಿಹಿಘಾಟು ಬಯಸುವ ತಮಿಳರೂ, ಬೆಲ್ಲ ತೆಂಗಿನಕಾಯಿಗಳ ಹುಳಿಗೆ ಒಗ್ಗಿದ ಉಡುಪಿಯವರೂ ಒಂದೇ ಮೇಜಿನಲ್ಲಿ ರಾಜಿಯಾದ ಚರಿತ್ರೆ ಆ ಹೋಟೆಲುಗಳ ಬಕೀಟಿನಲ್ಲಿದೆ. ಇಂಗ್ಲಿಷರ ರಾಜಿ ಇದಕ್ಕೂ ಹಳೆಯದು. ಮಿಳಗುತ್ತಣ್ಣಿಯನ್ನು ‘ಮುಲ್ಲಿಗಟಾನಿ’ ಮಾಡಿಕೊಂಡು ಕುಡಿದ ಮದರಾಸಿನ ದೊರೆಗಳಿಗೆ ಬೇರೆ ಪ್ರಾಂತಗಳವರು ‘ಮಲ್’ ಎಂದೇ ಅಡ್ಡಹೆಸರಿಟ್ಟಿದ್ದರು.

ಕಾಫಿಯ ವಿಷಯ ಹೇಳದೆ ಮುಂದೆ ಹೋಗಲಾಗದು. ಬಾಬಾಬುಡನ್‌ಗಿರಿಯ ಏಳು ಬೀಜಗಳ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಚಿಕ್ಕಮಗಳೂರು, ಕೊಡಗುಗಳ ಬೀಜ ಕುಂಭಕೋಣದ ಹೆಸರಿನಲ್ಲಿ ಮದರಾಸಿನಲ್ಲಿ ಮನ್ನಣೆ ಪಡೆಯಿತು. ತಮಿಳುನಾಡಿನಲ್ಲಿ ಈ ಪಾನೀಯ ಹುಟ್ಟಿಸಿದ ಆತಂಕ, ಅದು ತಂದ ಅಂತಸ್ತು ಇವನ್ನು ಎ.ಆರ್. ವೆಂಕಟಾಚಲಪತಿ ವಿವರವಾಗಿ ಬರೆದಿದ್ದಾರೆ. ನಾಲಗೆಯ ಮಟ್ಟಿಗೆ ಕಾಫಿ ಬರಿಯ ಕಹಿ, ಸ್ವಲ್ಪ ಹುಳಿ. ಹುರಿದ ಬೀಜದಿಂದ ಏಳುವ ನೂರಾರು ಆವಿಗಳೇ ಅದರ ಬೆಲೆ. ಲೋಟ ಡವರಾಗಳ ನಡುವೆ ಅದನ್ನು ಎತ್ತಿ ಹೊಯ್ಯುವಾಗ ಆ ಆವಿ ಕುಡಿಯುವವನಿಗಿಂತ ಮೊದಲು ಪಕ್ಕದವನ ಮೂಗನ್ನು ಸೇರುತ್ತದೆ. ಎಂಜಲಿನ ಭಯದಿಂದ ತುಟಿಗೆ ತಾಗಿಸದೆ ಮೇಲಿನಿಂದ ಬಾಯಿಗೆ ಸುರಿದುಕೊಳ್ಳುವ ಪದ್ಧತಿಯನ್ನು ನಾವು ಆಚಾರದ ಮಾತಾಗಿ ಮಾತ್ರ ನೋಡುತ್ತೇವೆ. ಅದು ಮೂಗಿನ ಹಾದಿಯನ್ನೂ ಬದಲಿಸಿತು. ಬಟ್ಟಲನ್ನು ತುಟಿಗಿಟ್ಟವನು ಕುಡಿಯುವ ಮೊದಲೇ ಮೂಸುತ್ತಾನೆ. ಸುರಿದುಕೊಳ್ಳುವವನಿಗೆ ಗಂಧ ಸಿಗುವುದು ಹೆಚ್ಚಾಗಿ ನುಂಗಿದ ಮೇಲೆ, ಬಿಡುವ ಉಸಿರಿನಲ್ಲಿ. ಮಡಿಯ ನಿಯಮವೊಂದು ಕಾಫಿಯ ಪರಿಮಳವನ್ನು ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟಿತು.

ಮಡಿಯ ಮಾತು ಬಂದ ಮೇಲೆ ಅದರ ಇನ್ನೊಂದು ಮುಖವನ್ನು ನೋಡದೆ ಇರುವುದು ಅಪ್ರಾಮಾಣಿಕತೆ. ಇಂಗಿನ ಕಂಪು ಸ್ವಾಗತವಾಗಿದ್ದದ್ದು ಕೆಲವರಿಗೆ ಮಾತ್ರ. ‘ಬ್ರಾಹ್ಮಣಾಳ್’ ಎಂಬ ಪದ ಹೊತ್ತ ಹೋಟೆಲು ಫಲಕಗಳ ವಿರುದ್ಧ ಪೆರಿಯಾರರ ಅನುಯಾಯಿಗಳು 1957ರಲ್ಲಿ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಮುಂದೆ ಆರಂಭಿಸಿದ ಧರಣಿ ತಿಂಗಳುಗಟ್ಟಲೆ ನಡೆಯಿತು. ನೂರಾರು ಮಂದಿ ಸೆರೆಯಾದರು, ಮರುವರ್ಷ ಆ ಪದ ಫಲಕದಿಂದ ಇಳಿಯಿತು. ಫಲಕದಿಂದ ಇಳಿದದ್ದು ಮೂಗಿನಿಂದ ಇಳಿಯಲಿಲ್ಲ. ಇಂದಿಗೂ ಈ ನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದವರನ್ನು ಜಾತಿ ಕೇಳಲು ನಾಚುವವರು ‘ಮೀನು ಬೇಯಿಸುತ್ತೀರಾ, ವಾಸನೆ ಆಗುವುದಿಲ್ಲ ನಮಗೆ’ ಎಂದು ಕೇಳುತ್ತಾರೆ. ನಮ್ಮ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಚಿಂತಾದ್ರಿಪೇಟೆಯ ಮೀನುಮಾರುಕಟ್ಟೆಯ ಹಾದಿಯಲ್ಲಿ ಮೂಗು ಮುಚ್ಚುವವರು ಅದನ್ನು ದೇಹಧರ್ಮವೆಂದು ಭಾವಿಸುತ್ತಾರೆ. ಎಳೆಯ ಮಗು ತನ್ನ ಮಲದಿಂದ ಹೇಸುವುದಿಲ್ಲ, ಹೇಸಿಗೆಯನ್ನು ನಾವು ಕಲಿಸುತ್ತೇವೆ. ವಾಸನೆಗಳ ಪ್ರಿಯಾಪ್ರಿಯಗಳು ಬಹುಮಟ್ಟಿಗೆ ಕಲಿಕೆಯಿಂದ ಬರುತ್ತವೆಂಬುದು ಮನಶ್ಶಾಸ್ತ್ರಜ್ಞರ ಅಭಿಪ್ರಾಯವೂ ಹೌದು. ಇದರಲ್ಲಿ ಆಶಾದಾಯಕವಾದ ಅಂಶವೂ ಇದೆ: ಕಲಿತದ್ದನ್ನು ಮರೆಯಬಹುದು.

ಹತ್ತೊಂಬತ್ತನೆಯ ಶತಮಾನದ ವೈದ್ಯರು ದುರ್ವಾಸನೆಯೇ ರೋಗವನ್ನು ತರುತ್ತದೆಂದು ನಂಬಿದ್ದರು. ‘ಮಲೇರಿಯಾ’ ಎಂಬ ಹೆಸರೇ ಕೆಟ್ಟ ಗಾಳಿ ಎಂಬ ಅರ್ಥದ್ದು. ಭಾರತಕ್ಕೆ ಬಂದ ಮೊದಲ ವರ್ಷಗಳನ್ನು ಮದರಾಸು ಪ್ರಾಂತದಲ್ಲೂ ಬೆಂಗಳೂರಿನಲ್ಲೂ ಕಳೆದ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣುವನ್ನು ಕಂಡ ಮೇಲೆ ಗಾಳಿ ನಿರಪರಾಧಿಯಾಯಿತು. ವಾಸನೆಯ ಮೇಲಿನ ಆರೋಪವನ್ನು ವೈದ್ಯಶಾಸ್ತ್ರ ಹಿಂತೆಗೆದುಕೊಂಡಿತು. ವಾಸನೆಯ ಕೆಲಸ ಮಾಡುವವರ ಮೇಲಿನ ಆರೋಪವನ್ನು ಸಮಾಜ ಹಿಂತೆಗೆದುಕೊಳ್ಳಲಿಲ್ಲ.

ಇಲ್ಲಿ ಒಬ್ಬ ವ್ಯಕ್ತಿಯನ್ನು ಕುರಿತು ಸ್ವಲ್ಪ ನಿಲ್ಲಬೇಕು. ಆಲ್ಫ್ರೆಡ್ ಚಾಟರ್ಟನ್ ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಬಂದವರು. ಇಲ್ಲಿನ ಕಲಾಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕ್ರೋಮ್ ವಿಧಾನದಿಂದ ಚರ್ಮ ಹದಮಾಡುವ ಪ್ರಯೋಗ ನಡೆಸಿದರು. ಆ ಉದ್ಯಮದ ಹೆಸರು ನಗರದ ದಕ್ಷಿಣದ ‘ಕ್ರೋಮ್‌ಪೇಟೆ’ಯಲ್ಲಿ ಇಂದಿಗೂ ಉಳಿದಿದೆ. ಕ್ರೋಮ್ ಎಂಬ ಲೋಹದ ಹೆಸರು ಹೊತ್ತ ಊರು ಎಂದು ರೈಲಿನಲ್ಲಿ ಹೋಗುವವರಿಗೆ ಹೊಳೆಯುವುದೇ ಇಲ್ಲ. 1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನಕ್ಕೆ ಹೋಗಿ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ಅಲ್ಲಿಯವರೆಗೆ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಆ ದಾರಿಯನ್ನು ಮುಚ್ಚಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ಪ್ರಯೋಗ ಮಾಡಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ, ಚಾಟರ್ಟನ್ ಇಲಾಖೆಯಲ್ಲಿದ್ದ ಆ ದಿನಗಳಲ್ಲಿ, 1916ರಲ್ಲಿ, ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿತು. ಎಸ್.ಜಿ. ಶಾಸ್ತ್ರಿಗಳು ವಿಲಾಯತಿಯಲ್ಲಿ ಸಾಬೂನು ವಿದ್ಯೆ ಕಲಿತು ಬಂದರು, ಮೈಸೂರು ಸ್ಯಾಂಡಲ್ ಸೋಪು ಬಂತು. ಆ ಸೋಪಿನ ಪೆಟ್ಟಿಗೆಯನ್ನು ಬೀರುವಿನ ಸೀರೆಗಳ ನಡುವೆ ಇಟ್ಟುಕೊಂಡ ಕನ್ನಡ ಮನೆ ಚೆನ್ನೈಯಲ್ಲಿ ಇಂದಿಗೂ ಅಪರೂಪ ಅಲ್ಲ.

ಹೀಗೆ ಒಂದೇ ಮೇಜಿನಿಂದ ಎರಡು ಕಡತಗಳು ಹೊರಟವು, ಒಂದು ಹಸಿ ಚರ್ಮದ್ದು, ಇನ್ನೊಂದು ಶ್ರೀಗಂಧದ್ದು. ಅಧಿಕಾರಿಗೆ ಎರಡೂ ಉದ್ಯಮಗಳು. ನಮ್ಮ ಸಮಾಜಕ್ಕೆ ಒಂದು ಪೂಜೆಯ ಕೋಣೆ, ಇನ್ನೊಂದು ಊರಾಚೆ. ಕನ್ನಡದಲ್ಲಿ ಈ ವಿಷಯವನ್ನು ಮೂಗಿನ ಮೂಲಕವೇ ಹೇಳಿದ ಕೃತಿ ಅನಂತಮೂರ್ತಿಯವರ ‘ಸಂಸ್ಕಾರ’. ಅಗ್ರಹಾರದ ನಡುವೆ ಶವ ಕೊಳೆಯತೊಡಗಿದಾಗ ಮಡಿಯವರೂ ಅದೇ ಗಾಳಿಯನ್ನು ಉಸಿರಾಡಬೇಕಾಗುತ್ತದೆ. ಆ ಕಾದಂಬರಿಯನ್ನು ಚಿತ್ರವಾಗಿಸಿದವರು ಮದರಾಸಿನ ಗೆಳೆಯರ ಬಳಗ: ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ, ಆಗ ಇಲ್ಲಿನ ಆಕ್ಸ್‌ಫರ್ಡ್ ಪ್ರಕಾಶನದಲ್ಲಿದ್ದ ಗಿರೀಶ ಕಾರ್ನಾಡ್. ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆಹಿಡಿಯಿತು. ಪರದೆಗೆ ವಾಸನೆ ಇಲ್ಲ, ಆದರೂ ಅವರಿಗೆ ಏನೋ ತಾಕಿರಬೇಕು.

2020ರಲ್ಲಿ ಈ ನಗರ ಮೂಗನ್ನೇ ಕಳೆದುಕೊಂಡಿತು. ಮೇ ತಿಂಗಳ ಆರಂಭದಲ್ಲಿ ಕೋಯಂಬೇಡು ಮಾರುಕಟ್ಟೆ ಸೋಂಕಿನ ಕೇಂದ್ರವಾಗಿ ಮುಚ್ಚಿತು. ಹೂವು, ಹಣ್ಣು, ತರಕಾರಿಗಳ ಏಷ್ಯಾದಲ್ಲೇ ದೊಡ್ಡದೆನ್ನಿಸಿದ ಆ ವಾಸನೆಗಳ ಸಂತೆ ಮೌನವಾಯಿತು. ಜೂನ್ 13ರಂದು ಕೇಂದ್ರ ಆರೋಗ್ಯ ಸಚಿವಾಲಯ ಗಂಧ ಮತ್ತು ರುಚಿಯ ನಾಶವನ್ನು ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿತು. ನಮ್ಮ ಬಳಗದ ಮನೆಗಳಲ್ಲಿ ಬೆಳಗಾಗುತ್ತಲೇ ಕಾಫಿಪುಡಿಯ ಡಬ್ಬಿಯನ್ನೋ ಇಂಗಿನ ಡಬ್ಬಿಯನ್ನೋ ಮೂಗಿಗೆ ಹಿಡಿಯುವುದು ದಿನಚರಿಯಾಯಿತು. ಜ್ವರಕ್ಕಿಂತ ಆ ಶೂನ್ಯವೇ ಹೆಚ್ಚು ಹೆದರಿಸಿತೆಂದು ಹಲವರು ಹೇಳಿದರು. ಅನ್ನ ಹತ್ತಿಯಂತೆ, ಸಾರು ಉಪ್ಪುನೀರಿನಂತೆ. ರುಚಿ ಹೋಯಿತೆಂದು ಅವರು ದೂರಿದರೂ ಬಹುಮಂದಿಯಲ್ಲಿ ಕೆಟ್ಟದ್ದು ನಾಲಗೆಗಿಂತ ಹೆಚ್ಚಾಗಿ ಮೂಗು. ಮಕ್ಕಳ ತಲೆಯ ವಾಸನೆ ಸಿಗುತ್ತಿಲ್ಲವೆಂದು ಅತ್ತ ತಾಯಂದಿರನ್ನು ನಾವು ಬಲ್ಲೆವು. ಪಾಂಡ್ಯರಾಜನ ಸಂಶಯ ಆ ತಿಂಗಳುಗಳಲ್ಲಿ ಯಾರಿಗೂ ನಗೆಪಾಟಲಾಗಿ ತೋರಲಿಲ್ಲ.

ಇದಕ್ಕೊಂದು ಸರಳ ಅಭ್ಯಾಸವನ್ನು ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲೇ ಪ್ರಕಟಿಸಿದ್ದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರ ಮೂಸುವುದು. ಮೂಸುವಾಗ ಆ ವಸ್ತುವನ್ನು ಮನಸ್ಸಿನಲ್ಲಿ ನೆನೆಯಬೇಕೆಂದೂ ಈಗ ವೈದ್ಯರು ಹೇಳುವುದುಂಟು. ನಮ್ಮವರಲ್ಲಿ ಕೆಲವರು ಗುಲಾಬಿಯ ಬದಲಿಗೆ ಮಲ್ಲಿಗೆ, ನೀಲಗಿರಿಯ ಬದಲಿಗೆ ಇಂಗು ಇಟ್ಟುಕೊಂಡರು. ಹಲವರಿಗೆ ಗಂಧ ಮರಳಿತು, ಕೆಲವರಿಗೆ ವಿಕಾರಗೊಂಡು ಮರಳಿತು. ಕಾಫಿಗೆ ಅದರ ಕಾಫಿತನವನ್ನು ಕೊಡುವ ಗಂಧಕದ ಒಂದು ಸಂಯುಕ್ತವೇ ಈ ವಿಕಾರವನ್ನು ಹೆಚ್ಚಾಗಿ ಕೆರಳಿಸುತ್ತದೆಂದು ಈಚಿನ ಸಂಶೋಧನೆ ತೋರಿಸಿದೆ. ಅಂಥವರಿಗೆ ಫಿಲ್ಟರ್ ಕಾಫಿ ಸುಟ್ಟ ರಬ್ಬರಿನಂತೆ, ಚರಂಡಿಯಂತೆ ನಾರುತ್ತಿತ್ತು.

ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ನೆಲದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ನಮ್ಮ ಬಳಗದ ಹಿರಿಯರೊಬ್ಬರು ಹಲವು ವರ್ಷ ಆ ಹೋಟೆಲಿನ ಮರದ ನೆರಳಿನಲ್ಲಿ ಕಾಫಿ ಕುಡಿದವರು. 2021ರ ಸೋಂಕಿನ ಬಳಿಕ ಅವರಿಗೆ ಕಾಫಿ ಸೇರುತ್ತಿರಲಿಲ್ಲ. ಒಂದು ವರ್ಷ ಬಾರ್ಲಿನೀರು ಕುಡಿದರು. ಈಗ ದಿನವೂ ಬೆಳಿಗ್ಗೆ ಸೊಸೆ ಡಿಕಾಕ್ಷನ್ ಇಳಿಸಿ ಕೊಟ್ಟಾಗ ಮೂಗಿನ ಹತ್ತಿರ ಹಿಡಿದು, ‘ಇವತ್ತು ಸ್ವಲ್ಪ ಬಂತಮ್ಮಾ, ಆದರೆ ಇನ್ನೂ ನಮ್ಮ ವುಡ್‌ಲ್ಯಾಂಡ್ಸಿನದ್ದಲ್ಲ’ ಎನ್ನುತ್ತಾರೆ.